ವಿರಾಮದ ಉಸಿರು, ಶ್ರಮದ ಉಸಿರು

ಮನುಷ್ಯನು ಒಂದು ಹಗಲು ಮತ್ತು ಒಂದು ರಾತ್ರಿಯ ಅವಧಿಯಲ್ಲಿ 21,600 ಬಾರಿ ಉಸಿರಾಡುತ್ತಾನೆಂದು ಹಠಯೋಗ ಪರಂಪರೆಯ ಗ್ರಂಥಗಳು ಲೆಕ್ಕ ಹೇಳುತ್ತವೆ. ಭಾಗಿಸಿ ನೋಡಿದರೆ ಇದು ನಿಮಿಷಕ್ಕೆ 15 ಉಸಿರಾಗುತ್ತದೆ. ಆರೋಗ್ಯವಂತನಾದ ವಯಸ್ಕನು ವಿರಾಮದಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾನೆಂಬುದು ಇಂದಿನ ವೈದ್ಯಶಾಸ್ತ್ರದ ಗಣನೆ. ಎರಡು ಲೆಕ್ಕಗಳೂ ಇಷ್ಟು ಸಮೀಪ ಬರುವುದು ಗಮನಾರ್ಹವಾದ ಸಂಗತಿ.

ಆದರೆ ಈ ಲೆಕ್ಕವು ನೆಮ್ಮದಿಯಾಗಿ ಕುಳಿತಿರುವವನಿಗೆ ಮಾತ್ರ ಅನ್ವಯಿಸುತ್ತದೆ. ಮುಂಬಯಿಯ ದಾದರ್ ನಿಲ್ದಾಣದಲ್ಲಿ ಕೈಯಲ್ಲಿ ಚೀಲ ಹಿಡಿದು ಮೇಲ್ಸೇತುವೆಯ ಮೆಟ್ಟಿಲುಗಳನ್ನು ಅವಸರದಿಂದ ಏರುವ ಪ್ರಯಾಣಿಕನ ಉಸಿರು, ಮೇಲೆ ತಲುಪುವ ವೇಳೆಗೆ ನಿಮಿಷಕ್ಕೆ ಮೂವತ್ತನ್ನು ಮುಟ್ಟಿರಬಹುದು. ಹಾಗೆ ಉಸಿರಾಡಬೇಕೆಂದು ಅವನು ಯೋಚಿಸಿರುವುದಿಲ್ಲ. ರೈಲಿನಲ್ಲಿ ಆಸನ ದೊರೆತು ಕುಳಿತ ಕೆಲವೇ ನಿಮಿಷಗಳಲ್ಲಿ ಆ ಏದುಸಿರು ತಾನಾಗಿಯೇ ಶಮನಗೊಳ್ಳುತ್ತದೆ. ದೇಹಕ್ಕೆ ಎಷ್ಟು ಗಾಳಿ ಬೇಕೆಂಬುದನ್ನು ಅಳೆದವರು ಯಾರು? ಹೆಚ್ಚಿಸುವ ಮತ್ತು ತಗ್ಗಿಸುವ ಆಜ್ಞೆ ಎಲ್ಲಿಂದ ಬಂದಿತು? ಇಂತಹ ಏದುಸಿರು ಯಾವಾಗ ಸಹಜ, ಯಾವಾಗ ರೋಗದ ಸೂಚನೆ? ಈ ಪ್ರಶ್ನೆಗಳಿಗೆ ಉತ್ತರವನ್ನು ತಿಳಿದುಕೊಳ್ಳುವುದು ಪ್ರತಿಯೊಬ್ಬರ ಆರೋಗ್ಯದ ದೃಷ್ಟಿಯಿಂದ ಅವಶ್ಯಕವಾಗಿದೆ.

ಉಸಿರಾಟದ ಉದ್ದೇಶ

ಉಸಿರಾಟವೆಂದರೆ ಗಾಳಿಯನ್ನು ಒಳಗೆಳೆದು ಹೊರಬಿಡುವುದಷ್ಟೇ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವವಾಗಿ ಅದು ಈ ಕ್ರಿಯೆಯ ಹೊರಬಾಗಿಲು ಮಾತ್ರ. ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳೂ ಆಹಾರದಿಂದ ದೊರೆತ ಸಕ್ಕರೆ ಮತ್ತು ಕೊಬ್ಬನ್ನು ಆಮ್ಲಜನಕದ ನೆರವಿನಿಂದ ಹಂತಹಂತವಾಗಿ ದಹಿಸಿ ಶಕ್ತಿಯನ್ನು ಪಡೆಯುತ್ತವೆ. ಒಲೆಯಲ್ಲಿ ಸೌದೆ ಉರಿದಾಗ ಆಗುವಂತೆಯೇ ಇಲ್ಲಿಯೂ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಉತ್ಪನ್ನವಾಗುತ್ತವೆ, ಶಾಖವೂ ಬಿಡುಗಡೆಯಾಗುತ್ತದೆ. ಒಲೆಗೆ ಗಾಳಿ ಬೇಕು, ಹೊಗೆ ಹೋಗಲು ದಾರಿಯೂ ಬೇಕು. ಅದೇ ರೀತಿ ಜೀವಕೋಶಗಳಿಗೆ ಆಮ್ಲಜನಕವನ್ನು ಒದಗಿಸುವುದು ಮತ್ತು ಅಲ್ಲಿ ಉಂಟಾದ ಇಂಗಾಲದ ಡೈಆಕ್ಸೈಡನ್ನು ಹೊರಹಾಕುವುದು ಉಸಿರಾಟದ ಎರಡು ಮುಖ್ಯ ಕಾರ್ಯಗಳು.

ದೇಹವು ಆಹಾರವನ್ನು ಕೊಬ್ಬಿನ ರೂಪದಲ್ಲಿ ವಾರಗಳ ಕಾಲಕ್ಕಾಗುವಷ್ಟು ಕೂಡಿಡಬಲ್ಲದು. ಆದರೆ ಆಮ್ಲಜನಕದ ದಾಸ್ತಾನು ಕೆಲವೇ ನಿಮಿಷಗಳಿಗೆ ಸಾಲುವಷ್ಟಿರುತ್ತದೆ. ಆದುದರಿಂದಲೇ ಈ ಕ್ರಿಯೆಯು ನಿದ್ರೆಯಲ್ಲಿಯೂ ನಿಲ್ಲುವಂತಿಲ್ಲ. ವಿರಾಮದಲ್ಲಿರುವ ವಯಸ್ಕನ ದೇಹವು ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕವನ್ನು ಬಳಸಿಕೊಂಡು, ಸುಮಾರು 200 ಮಿಲಿಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಹಾಕುತ್ತದೆ. ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕವು ಶೇಕಡಾ 21ರಷ್ಟಿದ್ದರೆ, ಹೊರಬಿಡುವ ಗಾಳಿಯಲ್ಲಿ ಅದು ಶೇಕಡಾ 16ಕ್ಕೆ ಇಳಿದಿರುತ್ತದೆ. ಶೇಕಡಾ 0.04ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಶೇಕಡಾ 4ಕ್ಕೆ ಏರಿರುತ್ತದೆ.

ಗಾಳಿ ಒಳಬರುವ ಬಗೆ

ಶ್ವಾಸಕೋಶಗಳಿಗೆ ತಾವಾಗಿಯೇ ಹಿಗ್ಗುವ ಶಕ್ತಿಯಿಲ್ಲ. ಎದೆಗೂಡಿನ ತಳದಲ್ಲಿ, ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವಂತೆ, ಗುಮ್ಮಟದ ಆಕಾರದ ಒಂದು ಸ್ನಾಯುವಿನ ಹಾಳೆಯಿದೆ. ಇದಕ್ಕೆ ವಪೆ ಎಂದು ಹೆಸರು. ವಪೆಯು ಸಂಕುಚಿಸಿದಾಗ ಅದರ ಗುಮ್ಮಟವು ತಗ್ಗಿ ಕೆಳಗೆ ಸರಿಯುತ್ತದೆ. ಅದೇ ಸಮಯದಲ್ಲಿ ಪಕ್ಕೆಲುಬುಗಳ ನಡುವಣ ಸ್ನಾಯುಗಳು ಪಕ್ಕೆಲುಬುಗಳನ್ನು ಮೇಲಕ್ಕೂ ಹೊರಕ್ಕೂ ಎತ್ತುತ್ತವೆ. ಎದೆಗೂಡು ಹಿಗ್ಗಿದೊಡನೆ ಅದಕ್ಕೆ ಅಂಟಿಕೊಂಡಂತಿರುವ ಶ್ವಾಸಕೋಶಗಳೂ ಹಿಗ್ಗುತ್ತವೆ. ಒಳಗಿನ ಒತ್ತಡ ಕಡಿಮೆಯಾಗಿ ಹೊರಗಿನ ಗಾಳಿ ಒಳನುಗ್ಗುತ್ತದೆ. ಕಮ್ಮಾರನು ತಿದಿಯನ್ನು ಅಗಲಿಸಿದಾಗ ಗಾಳಿ ತುಂಬಿಕೊಳ್ಳುವುದು ಇದೇ ತತ್ತ್ವದಿಂದ. ಇದು ಉಚ್ಛ್ವಾಸ.

ವಿರಾಮದಲ್ಲಿ ನಿಶ್ವಾಸಕ್ಕೆ ಪ್ರತ್ಯೇಕ ಶ್ರಮದ ಅಗತ್ಯವಿಲ್ಲ. ಸ್ನಾಯುಗಳು ಸಡಿಲಗೊಂಡರೆ ಸಾಕು, ಎಳೆದುಬಿಟ್ಟ ರಬ್ಬರಿನಂತೆ ಶ್ವಾಸಕೋಶಗಳು ತಮ್ಮ ಸ್ಥಿತಿಸ್ಥಾಪಕ ಗುಣದಿಂದಲೇ ಕುಗ್ಗಿ ಗಾಳಿಯನ್ನು ಹೊರದೂಡುತ್ತವೆ.

ಹೀಗೆ ಒಂದು ಸಾಧಾರಣ ಉಸಿರಿನಲ್ಲಿ ಸುಮಾರು 500 ಮಿಲಿಲೀಟರ್, ಅಂದರೆ ಅರ್ಧ ಲೀಟರ್ ಗಾಳಿ ಒಳಬಂದು ಹೊರಹೋಗುತ್ತದೆ. ನಿಮಿಷಕ್ಕೆ 15 ಉಸಿರಿನಂತೆ ಇದು ಏಳೂವರೆ ಲೀಟರ್ ಆಗುತ್ತದೆ. ಆದರೆ ಇಷ್ಟೂ ಗಾಳಿ ಉಪಯೋಗಕ್ಕೆ ಬರುವುದಿಲ್ಲವೆಂಬುದನ್ನು ಗಮನಿಸಬೇಕು. ಪ್ರತಿ ಉಸಿರಿನಲ್ಲಿಯೂ ಸುಮಾರು 150 ಮಿಲಿಲೀಟರ್ ಗಾಳಿ ಮೂಗು, ಗಂಟಲು ಮತ್ತು ಶ್ವಾಸನಾಳಗಳಲ್ಲಿಯೇ ಉಳಿದು ಹಾಗೆಯೇ ಹಿಂದಿರುಗುತ್ತದೆ. ರಕ್ತದ ಸಂಪರ್ಕಕ್ಕೆ ಬರುವುದು ಉಳಿದ 350 ಮಿಲಿಲೀಟರ್ ಮಾತ್ರ. ನಿಮಿಷಕ್ಕೆ ಐದೂಕಾಲು ಲೀಟರ್. ಒಬ್ಬನು ಅರ್ಧದಷ್ಟು ಆಳದ, ಎರಡರಷ್ಟು ವೇಗದ ಉಸಿರುಗಳನ್ನು ತೆಗೆದುಕೊಂಡನೆನ್ನೋಣ. ನಿಮಿಷಕ್ಕೆ 30 ಬಾರಿ 250 ಮಿಲಿಲೀಟರಿನಂತೆ ಒಟ್ಟು ಮೊತ್ತ ಅದೇ ಏಳೂವರೆ ಲೀಟರ್. ಆದರೆ ಉಪಯೋಗಕ್ಕೆ ಬಂದದ್ದು ಪ್ರತಿ ಉಸಿರಿಗೆ 100 ಮಿಲಿಲೀಟರಿನಂತೆ ಮೂರು ಲೀಟರ್ ಮಾತ್ರ. ಮೇಲುಮೇಲಿನ ತ್ವರಿತ ಉಸಿರಿಗಿಂತ ನಿಧಾನವಾದ ಆಳದ ಉಸಿರು ಹೆಚ್ಚು ಫಲಕಾರಿ ಎಂಬ ಹಿರಿಯರ ಮಾತಿಗೆ ಈ ಸರಳ ಗಣಿತವೇ ಆಧಾರ.

ಗಾಳಿ ಮತ್ತು ರಕ್ತದ ಭೇಟಿ

ಶ್ವಾಸನಾಳವು ಮರದ ಕೊಂಬೆಗಳಂತೆ ಕವಲೊಡೆಯುತ್ತಾ ಸಾಗಿ, ಕೊನೆಗೆ ವಾಯುಕೋಶಗಳೆಂಬ ಅತಿ ಸೂಕ್ಷ್ಮವಾದ ಚೀಲಗಳಲ್ಲಿ ಮುಗಿಯುತ್ತದೆ. ಎರಡೂ ಶ್ವಾಸಕೋಶಗಳಲ್ಲಿ ಸೇರಿ ಇಂತಹ 30 ಕೋಟಿಗೂ ಹೆಚ್ಚು ಚೀಲಗಳಿವೆ. ಇವುಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಲು ಸಾಧ್ಯವಾದರೆ ಸುಮಾರು 70 ಚದರ ಮೀಟರ್ ಸ್ಥಳವನ್ನು, ಅಂದರೆ ಬ್ಯಾಡ್ಮಿಂಟನ್ ಅಂಗಣವೊಂದರ ಬಹುಪಾಲನ್ನು ಆವರಿಸುತ್ತವೆ. ವಾಯುಕೋಶದ ಸುತ್ತಲೂ ಲೋಮನಾಳಗಳೆಂಬ ಸೂಕ್ಷ್ಮ ರಕ್ತನಾಳಗಳು ಬಲೆಯಂತೆ ಹೆಣೆದುಕೊಂಡಿವೆ. ಗಾಳಿಗೂ ರಕ್ತಕ್ಕೂ ನಡುವೆ ಇರುವ ತೆರೆಯು ತಲೆಗೂದಲಿನ ದಪ್ಪದ ನೂರನೆಯ ಒಂದು ಭಾಗದಷ್ಟೂ ಇಲ್ಲ. ಈ ತೆಳು ತೆರೆಯ ಮೂಲಕ ಆಮ್ಲಜನಕವು ರಕ್ತವನ್ನು ಸೇರುತ್ತದೆ, ಇಂಗಾಲದ ಡೈಆಕ್ಸೈಡ್ ಗಾಳಿಯನ್ನು ಸೇರುತ್ತದೆ.

ರಕ್ತವನ್ನು ಸೇರಿದ ಆಮ್ಲಜನಕದ ಬಹುಪಾಲನ್ನು ಹೊತ್ತೊಯ್ಯುವುದು ಕೆಂಪು ರಕ್ತಕಣಗಳಲ್ಲಿರುವ ಹೀಮೋಗ್ಲೋಬಿನ್. ಆರೋಗ್ಯವಂತನ ಒಂದು ಲೀಟರ್ ರಕ್ತವು ಸುಮಾರು 200 ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲದು. ವಿರಾಮದಲ್ಲಿ ಹೃದಯವು ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತವನ್ನು ಹರಿಸುವುದರಿಂದ ದೇಹಕ್ಕೆ ಒಂದು ಸಾವಿರ ಮಿಲಿಲೀಟರ್ ಆಮ್ಲಜನಕ ತಲುಪುತ್ತದೆ. ಬಳಕೆಯಾಗುವುದು 250 ಮಿಲಿಲೀಟರ್ ಎಂಬುದನ್ನು ಈಗಾಗಲೇ ನೋಡಿದ್ದೇವೆ. ಅಂದರೆ ನಾಲ್ಕನೆಯ ಒಂದು ಭಾಗವನ್ನು ಮಾತ್ರ ಬಳಸಿಕೊಂಡು ಉಳಿದುದನ್ನು ದೇಹವು ಮೀಸಲಾಗಿ ಉಳಿಸಿಕೊಳ್ಳುತ್ತದೆ.

ಶ್ವಾಸಕೋಶಗಳಲ್ಲಿಯೂ ಇಂತಹುದೇ ಮೀಸಲು ಇದೆ. ವಿರಾಮದಲ್ಲಿ ಕೆಂಪು ಕಣವೊಂದು ವಾಯುಕೋಶದ ಲೋಮನಾಳವನ್ನು ಹಾದುಹೋಗಲು ಮುಕ್ಕಾಲು ಸೆಕೆಂಡ್ ತೆಗೆದುಕೊಳ್ಳುತ್ತದೆ. ಆದರೆ ಕಾಲು ಸೆಕೆಂಡಿನೊಳಗೇ ಅದು ಆಮ್ಲಜನಕದಿಂದ ತುಂಬಿಹೋಗಿರುತ್ತದೆ. ಈ ಮೀಸಲಿನ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಹೇಳಲಿರುವ ಎಚ್ಚರಿಕೆಯ ಮಾತುಗಳಿಗೆಲ್ಲ ಇದೇ ಮೂಲ.

ಉಸಿರನ್ನು ಆಳುವುದು ಯಾವುದು?

ದೇಹಕ್ಕೆ ಆಮ್ಲಜನಕ ಕಡಿಮೆಯಾದಾಗ ಉಸಿರು ಹೆಚ್ಚುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಈ ನಂಬಿಕೆ ಪೂರ್ಣವಾಗಿ ಸರಿಯಲ್ಲ. ಬ್ರಿಟನ್ನಿನ ಶರೀರಕ್ರಿಯಾ ವಿಜ್ಞಾನಿಗಳಾದ ಜೆ.ಎಸ್. ಹಾಲ್ಡೇನ್ ಮತ್ತು ಜೆ.ಜಿ. ಪ್ರೀಸ್ಟ್ಲಿ ಅವರು 1905ರಲ್ಲಿ ಪ್ರಕಟಿಸಿದ ಸಂಶೋಧನೆಯು ವಿರಾಮದ ಉಸಿರನ್ನು ಮುಖ್ಯವಾಗಿ ನಿಯಂತ್ರಿಸುವುದು ಇಂಗಾಲದ ಡೈಆಕ್ಸೈಡ್ ಎಂಬುದನ್ನು ತೋರಿಸಿಕೊಟ್ಟಿತು. (1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದ ಪ್ರಸಿದ್ಧ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಇವರ ಪುತ್ರರು.)

ಮಿದುಳಿನ ಬುಡದಲ್ಲಿರುವ ಮೆಡುಲ್ಲಾ ಎಂಬ ಭಾಗದಲ್ಲಿ ಉಸಿರಾಟದ ಲಯವನ್ನು ಹುಟ್ಟಿಸುವ ನರಕೋಶಗಳ ಸಮೂಹಗಳಿವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಮಿದುಳಿನ ದ್ರವದ ಆಮ್ಲೀಯತೆ ಸ್ವಲ್ಪ ಏರುತ್ತದೆ. ಸಮೀಪದಲ್ಲಿರುವ ಸಂವೇದಕಗಳು ಇದನ್ನು ಕೂಡಲೇ ಗ್ರಹಿಸುತ್ತವೆ. ಆಗ ವಪೆಗೂ ಪಕ್ಕೆಲುಬಿನ ಸ್ನಾಯುಗಳಿಗೂ ಹೋಗುವ ಆಜ್ಞೆಗಳು ಬಲಗೊಂಡು, ಹೆಚ್ಚಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ರಕ್ತವು ಮೊದಲಿನ ಸ್ಥಿತಿಗೆ ಮರಳುತ್ತದೆ. ಉಸಿರು ಬಿಗಿಹಿಡಿದವನನ್ನು ಒಂದು ನಿಮಿಷದ ಆಸುಪಾಸಿನಲ್ಲಿ ಬಾಯಿ ತೆರೆಯುವಂತೆ ಬಲವಂತಪಡಿಸುವುದು ಬಹುಮಟ್ಟಿಗೆ ಸಂಗ್ರಹಗೊಂಡ ಈ ಅನಿಲವೇ.

ಆಮ್ಲಜನಕದ ಮೇಲೆ ಕಣ್ಣಿಡುವ ವ್ಯವಸ್ಥೆಯೂ ಇಲ್ಲದಿಲ್ಲ. ಕುತ್ತಿಗೆಯ ಅಪಧಮನಿಗಳ ಕವಲಿನಲ್ಲಿ ಮತ್ತು ಹೃದಯದಿಂದ ಹೊರಡುವ ಮಹಾಅಪಧಮನಿಯ ಬಳಿಯಲ್ಲಿ ಇದಕ್ಕಾಗಿಯೇ ಸಂವೇದಕಗಳಿವೆ. ಉಸಿರಾಟದಲ್ಲಿ ಇವುಗಳ ಪಾತ್ರವನ್ನು ಕಂಡುಹಿಡಿದುದಕ್ಕಾಗಿ ಬೆಲ್ಜಿಯಂ ದೇಶದ ಕಾರ್ನೆಲ್ ಹೇಮನ್ಸ್ ಅವರಿಗೆ 1938ರ ಸಾಲಿನ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಈ ಕಾವಲುಗಾರರು ಗಟ್ಟಿಯಾಗಿ ಕೂಗಿ ಎಬ್ಬಿಸುವುದು ಆಮ್ಲಜನಕದ ಮಟ್ಟವು ಸಾಕಷ್ಟು ಕುಸಿದ ಮೇಲೆ ಮಾತ್ರ.

ದೇಹವು ಶ್ರಮಿಸುವಾಗ

ಈಗ ಮೆಟ್ಟಿಲೇರುವ ಪ್ರಯಾಣಿಕನ ಕಡೆಗೆ ಮರಳೋಣ. ಮೊದಲ ಹೆಜ್ಜೆಯನ್ನಿಟ್ಟ ಕ್ಷಣಗಳಲ್ಲಿಯೇ ಅವನ ಉಸಿರು ಹೆಚ್ಚಲಾರಂಭಿಸುತ್ತದೆ. ಸ್ನಾಯುಗಳಲ್ಲಿ ಉಂಟಾದ ಇಂಗಾಲದ ಡೈಆಕ್ಸೈಡ್ ರಕ್ತದೊಡನೆ ಮಿದುಳಿನ ಬಳಿಗೆ ಬರಲು ಇನ್ನೂ ಸಮಯ ಬೇಕು. ಆದರೆ ಮಿದುಳು ಕಾಲಿನ ಸ್ನಾಯುಗಳಿಗೆ ಚಲಿಸುವ ಆಜ್ಞೆಯನ್ನು ಕಳುಹಿಸುವಾಗಲೇ ಉಸಿರಾಟದ ಕೇಂದ್ರಕ್ಕೂ ಸೂಚನೆಯನ್ನು ನೀಡಿರುತ್ತದೆ. ಚಲಿಸುವ ಸ್ನಾಯುಗಳಿಂದಲೂ ಕೀಲುಗಳಿಂದಲೂ ನರಗಳ ಮೂಲಕ ಸುದ್ದಿ ಬರುತ್ತದೆ. ನೆಂಟರು ಹೊಸ್ತಿಲಿಗೆ ಬರುವ ಮೊದಲೇ ಒಲೆಯ ಮೇಲೆ ಅನ್ನಕ್ಕೆ ಎಸರಿಡುವ ಗೃಹಿಣಿಯಂತೆ, ದೇಹವು ಅಗತ್ಯವನ್ನು ಮುಂಗಂಡು ಸಿದ್ಧವಾಗುತ್ತದೆ.

ಅನಂತರದ ಕೆಲವು ನಿಮಿಷಗಳಲ್ಲಿ ಉಸಿರು ಕ್ರಮೇಣ ಏರಿ, ಶ್ರಮದ ಪ್ರಮಾಣಕ್ಕೆ ತಕ್ಕ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಸಾಧಾರಣ ಶ್ರಮದಲ್ಲಿ ಮೊದಲು ಹೆಚ್ಚುವುದು ಉಸಿರಿನ ಆಳ. ಶ್ರಮ ತೀವ್ರವಾದಂತೆ ವೇಗವೂ ಹೆಚ್ಚುತ್ತದೆ. ಅಪಧಮನಿಯ ರಕ್ತವನ್ನು ಪರೀಕ್ಷಿಸಿದರೆ, ಬಳಕೆ ಅನೇಕ ಪಟ್ಟು ಹೆಚ್ಚಿದ್ದರೂ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್‌ಗಳ ಮಟ್ಟ ಹೆಚ್ಚುಕಡಿಮೆ ವಿರಾಮದಲ್ಲಿದ್ದಂತೆಯೇ ಇರುತ್ತದೆ. ಬೇಡಿಕೆಗೆ ಪೂರೈಕೆಯು ಅಷ್ಟು ನಿಖರವಾಗಿ ಹೊಂದಿಕೊಳ್ಳುತ್ತದೆ.

ತೀವ್ರ ಶ್ರಮದಲ್ಲಿ, ಉದಾಹರಣೆಗೆ ವೇಗವಾಗಿ ಓಡುವಾಗ, ನಿಶ್ವಾಸವೂ ಪ್ರಯತ್ನಪೂರ್ವಕವಾಗುತ್ತದೆ. ಹೊಟ್ಟೆಯ ಸ್ನಾಯುಗಳು ಗಾಳಿಯನ್ನು ಹೊರದೂಡಲು ನೆರವಾಗುತ್ತವೆ. ಕುತ್ತಿಗೆಯ ಸ್ನಾಯುಗಳು ಎದೆಗೂಡನ್ನು ಮೇಲೆತ್ತುತ್ತವೆ. ಮೂಗು ಸಾಲದೆ ಬಾಯಿಯೂ ತೆರೆಯುತ್ತದೆ. ಈ ಹಂತದಲ್ಲಿ ಸ್ನಾಯುಗಳು ಆಮ್ಲಜನಕದ ನೆರವಿಲ್ಲದ ಮಾರ್ಗದಿಂದಲೂ ಶಕ್ತಿಯನ್ನು ಉತ್ಪಾದಿಸುವುದರಿಂದ ರಕ್ತದಲ್ಲಿ ಆಮ್ಲವು ಸೇರಲಾರಂಭಿಸುತ್ತದೆ. ಅಡುಗೆ ಸೋಡಾದ ಮೇಲೆ ನಿಂಬೆಯ ರಸವನ್ನು ಹಿಂಡಿದರೆ ನೊರೆಯುಕ್ಕುವುದನ್ನು ಎಲ್ಲರೂ ನೋಡಿರಬಹುದು. ಅಲ್ಲಿ ಬಿಡುಗಡೆಯಾಗುವುದು ಇಂಗಾಲದ ಡೈಆಕ್ಸೈಡ್. ರಕ್ತದಲ್ಲಿಯೂ ಬೈಕಾರ್ಬೊನೇಟ್ ಎಂಬ ಕ್ಷಾರವಿದ್ದು, ಅದು ಆಮ್ಲದೊಡನೆ ಸೇರಿದಾಗ ಇದೇ ಅನಿಲ ಹೆಚ್ಚುವರಿಯಾಗಿ ಉಂಟಾಗುತ್ತದೆ. ಇದನ್ನು ಹೊರಹಾಕಲು ಉಸಿರು ಒಮ್ಮೆಲೇ ತೀವ್ರಗೊಳ್ಳುತ್ತದೆ. ಓಡುವವನಿಗೆ ಮಾತನಾಡಲು ಸಾಧ್ಯವಾಗದಿರುವುದು ಇದರಿಂದಲೇ. ಓಟ ನಿಂತ ಮೇಲೂ ಏದುಸಿರು ಕೆಲಕಾಲ ಮುಂದುವರಿಯುತ್ತದೆ. ಬರಿದಾದ ಆಮ್ಲಜನಕದ ದಾಸ್ತಾನನ್ನು ತುಂಬಿಸಿ, ಸೇರಿದ ಆಮ್ಲವನ್ನು ಕಳೆದು, ದೇಹವು ತನ್ನ ಲೆಕ್ಕವನ್ನು ಸರಿದೂಗಿಸಿಕೊಳ್ಳುವ ಅವಧಿ ಅದು.

ಆರೋಗ್ಯವಂತ ತರುಣನೊಬ್ಬನು ತನ್ನ ಶಕ್ತಿಯ ಎಲ್ಲೆಯವರೆಗೆ ಶ್ರಮಿಸಿದಾಗ ಒಳಹೊರಗೆ ಸಾಗುವ ಗಾಳಿಯು ನಿಮಿಷಕ್ಕೆ ಏಳೂವರೆ ಲೀಟರಿನಿಂದ 100 ಲೀಟರಿನವರೆಗೆ, ಅಂದರೆ 13 ಪಟ್ಟು ಏರಬಹುದು. ಹೃದಯವು ಹರಿಸುವ ರಕ್ತವಾದರೋ ಐದರಿಂದ ಇಪ್ಪತ್ತು ಲೀಟರಿಗೆ, ಅಂದರೆ ನಾಲ್ಕು ಪಟ್ಟು ಮಾತ್ರ ಏರುತ್ತದೆ. ಆದರೆ ಆ ರಕ್ತದಿಂದ ನಾಲ್ಕನೆಯ ಒಂದು ಭಾಗದ ಬದಲು ಮುಕ್ಕಾಲು ಭಾಗ ಆಮ್ಲಜನಕವನ್ನು ದೇಹವು ಹೀರಿಕೊಳ್ಳುತ್ತದೆ. ಹೀಗೆ ನಾಲ್ಕು ಪಟ್ಟು ರಕ್ತ, ಮೂರು ಪಟ್ಟು ಹೀರಿಕೆ ಸೇರಿ ಆಮ್ಲಜನಕದ ಬಳಕೆಯು 250 ಮಿಲಿಲೀಟರಿನಿಂದ ಮೂರು ಲೀಟರಿಗೆ, ಹನ್ನೆರಡು ಪಟ್ಟು ಏರುತ್ತದೆ.

ಈ ಅಂಕಿಗಳಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಆರೋಗ್ಯವಂತನ ಶ್ರಮಕ್ಕೆ ಮಿತಿಯನ್ನು ಹಾಕುವುದು ಸಾಮಾನ್ಯವಾಗಿ ಶ್ವಾಸಕೋಶಗಳಲ್ಲ. ಹೃದಯ ಮತ್ತು ಸ್ನಾಯುಗಳು. ಕ್ರಮಬದ್ಧವಾದ ವ್ಯಾಯಾಮದಿಂದ ಶ್ವಾಸಕೋಶಗಳ ಗಾತ್ರ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಆದರೆ ಹೃದಯವು ಪ್ರತಿ ಬಡಿತಕ್ಕೆ ಹೆಚ್ಚು ರಕ್ತವನ್ನು ಹರಿಸುವುದನ್ನೂ, ಸ್ನಾಯುಗಳು ಹೆಚ್ಚು ಆಮ್ಲಜನಕವನ್ನು ಹೀರುವುದನ್ನೂ ರೂಢಿಸಿಕೊಳ್ಳುತ್ತವೆ. ಒಂದೆರಡು ತಿಂಗಳು ನಿತ್ಯ ನಡಿಗೆಯನ್ನು ಅಭ್ಯಾಸ ಮಾಡಿದವರಿಗೆ ಅದೇ ಮೆಟ್ಟಿಲುಗಳು ಮೊದಲಿಗಿಂತ ಹಗುರವೆನಿಸುವುದು ಈ ಕಾರಣದಿಂದ.

ಎಚ್ಚರಿಕೆ ನೀಡದ ಕೊರತೆ

ಉಸಿರನ್ನು ಮುಖ್ಯವಾಗಿ ಆಳುವುದು ಇಂಗಾಲದ ಡೈಆಕ್ಸೈಡ್ ಎಂಬುದರಿಂದ ಒಂದು ಗಂಭೀರವಾದ ಪರಿಣಾಮವಿದೆ. ಆ ಅನಿಲವು ಹೆಚ್ಚದೆ, ಆಮ್ಲಜನಕ ಮಾತ್ರ ಕಡಿಮೆಯಾದರೆ ದೇಹವು ಸಾಕಷ್ಟು ಎಚ್ಚರಿಕೆಯನ್ನು ನೀಡದೆ ಹೋಗಬಹುದು.

2020 ಮತ್ತು 2021ರ ಕೋವಿಡ್ ಅವಧಿಯಲ್ಲಿ ಇದು ಮನೆಮನೆಯ ಅನುಭವವಾಯಿತು. ರೋಗಪೀಡಿತ ಶ್ವಾಸಕೋಶದಲ್ಲಿ ಆಮ್ಲಜನಕದ ಪ್ರವೇಶ ಕುಂಠಿತವಾಗಿದ್ದರೂ, ಇಂಗಾಲದ ಡೈಆಕ್ಸೈಡ್ ಹೆಚ್ಚು ಸುಲಭವಾಗಿ ಹೊರಹೋಗುವ ಅನಿಲವಾದುದರಿಂದ ಅದು ಸಂಗ್ರಹವಾಗುತ್ತಿರಲಿಲ್ಲ. ಹೀಗಾಗಿ ಕೆಲವು ರೋಗಿಗಳು ಯಾವ ಏದುಸಿರೂ ಇಲ್ಲದೆ ಮಾತನಾಡುತ್ತಿದ್ದಾಗಲೇ ಅವರ ರಕ್ತದ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿರುತ್ತಿತ್ತು. ಬೆರಳಿಗೆ ತೊಡಿಸುವ ಆಕ್ಸಿಮೀಟರ್ ಎಂಬ ಪುಟ್ಟ ಉಪಕರಣವು ಅಂದು ಅನೇಕರ ಜೀವವುಳಿಸಿತು. ಕುಳಿತಿದ್ದಾಗ ಸರಿಯಾಗಿರುವ ಅಂಕಿಯು ಆರು ನಿಮಿಷ ನಡೆದ ಮೇಲೆ ಇಳಿಯುವುದೇ ಎಂದು ನೋಡುವ ಪರೀಕ್ಷೆಯೂ ಆಗ ಪ್ರಚಾರಕ್ಕೆ ಬಂದಿತು. ವಿರಾಮವು ಮರೆಮಾಚಿದುದನ್ನು ಶ್ರಮವು ಬಯಲಿಗೆಳೆಯುತ್ತದೆ ಎಂಬುದೇ ಈ ಪರೀಕ್ಷೆಯ ತತ್ತ್ವ.

ನೀರಿನಲ್ಲಿ ಮುಳುಗಿ ಈಜುವ ಯುವಕರು ಹೆಚ್ಚು ಹೊತ್ತು ಉಸಿರು ಹಿಡಿಯಬೇಕೆಂಬ ಉತ್ಸಾಹದಿಂದ ಮುಳುಗುವ ಮುನ್ನ ಅನೇಕ ಬಾರಿ ರಭಸದಿಂದ ಉಸಿರಾಡುವುದುಂಟು. ಇದು ಅಪಾಯಕಾರಿ. ಇದರಿಂದ ಆಮ್ಲಜನಕದ ದಾಸ್ತಾನು ಹೆಚ್ಚೇನೂ ಬೆಳೆಯುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಕರಗಿಹೋಗುತ್ತದೆ. ಮೇಲೆ ಬಾ ಎಂದು ಎಚ್ಚರಿಸುವ ಗಂಟೆಯನ್ನೇ ಕಿತ್ತುಹಾಕಿದಂತಾಗಿ, ನೀರಿನೊಳಗೇ ಪ್ರಜ್ಞೆ ತಪ್ಪುವ ಸಂಭವವಿದೆ.

ಬಳಸದ ಬಾವಿ, ಒಳಚರಂಡಿಯ ಗುಂಡಿ ಮತ್ತು ಮಲದ ತೊಟ್ಟಿಗಳಲ್ಲಿಯೂ ಇದೇ ಭಯವಿದೆ. ಅಲ್ಲಿ ಆಮ್ಲಜನಕ ತೀರ ಕಡಿಮೆಯಿದ್ದು ವಿಷಾನಿಲಗಳೂ ಸೇರಿರಬಹುದು. ಒಳಗಿಳಿದವನು ಕೂಗಿಕೊಳ್ಳುವುದಕ್ಕೂ ಅವಕಾಶವಿಲ್ಲದೆ ಕುಸಿದುಬೀಳುತ್ತಾನೆ. ಅವನನ್ನು ರಕ್ಷಿಸಲು ಧಾವಿಸಿ ಇಳಿದವನ ಗತಿಯೂ ಅದೇ ಆಗುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ ಮತ್ತು ಮಲದ ತೊಟ್ಟಿಗಳ ಅಪಾಯಕಾರಿ ಶುಚಿಗೊಳಿಸುವಿಕೆಗೆ ಯಾರನ್ನೂ ತೊಡಗಿಸುವುದನ್ನು 2013ರ ಕೇಂದ್ರ ಕಾನೂನು ನಿಷೇಧಿಸಿ ಶಿಕ್ಷಾರ್ಹಗೊಳಿಸಿದೆ. ವಸತಿ ಸಂಘಗಳ ಪದಾಧಿಕಾರಿಗಳೂ ಮನೆಯ ಮಾಲೀಕರೂ ಇದನ್ನು ಅರಿತಿರುವುದು ಅವಶ್ಯಕ. ಇಂತಹ ದುರ್ಘಟನೆ ಕಂಡುಬಂದಲ್ಲಿ ತಾವು ಒಳಗಿಳಿಯದೆ ತುರ್ತು ಸಹಾಯ ಸಂಖ್ಯೆ 112ಕ್ಕೆ ಕರೆ ಮಾಡುವುದೇ ಸರಿಯಾದ ಕ್ರಮ.

ಮೆಟ್ಟಿಲು ಹೇಳುವ ಮಾತು

ವಿರಾಮದಲ್ಲಿ ದೇಹವು ತನ್ನ ಸಾಮರ್ಥ್ಯದ ಅಲ್ಪಭಾಗವನ್ನು ಮಾತ್ರ ಬಳಸುತ್ತದೆಂಬುದನ್ನು ನೋಡಿದೆವು. ಈ ಮೀಸಲು ಒಂದು ವರವೂ ಹೌದು, ಒಂದು ಮರೆಯೂ ಹೌದು. ಶ್ವಾಸಕೋಶದ, ಹೃದಯದ ಅಥವಾ ರಕ್ತದ ಕಾಯಿಲೆಯು ಮೆಲ್ಲಮೆಲ್ಲನೆ ಈ ಮೀಸಲನ್ನು ತಿಂದುಹಾಕುತ್ತಿದ್ದರೂ ಕುಳಿತಲ್ಲಿ ಏನೂ ತಿಳಿಯುವುದಿಲ್ಲ. ಮೊದಲ ದೂರು ಕೇಳಿಬರುವುದು ಮೆಟ್ಟಿಲುಗಳ ಮೇಲೆ. ದುರದೃಷ್ಟವಶಾತ್ ಆ ದೂರನ್ನು ವಯಸ್ಸಾಯಿತು, ಮೈ ಬಂದಿದೆ, ಕೆಲಸ ಹೆಚ್ಚಾಯಿತು ಎಂದು ತಳ್ಳಿಹಾಕುವವರೇ ಹೆಚ್ಚು.

ರಕ್ತಹೀನತೆಯು ಇದಕ್ಕೆ ಉತ್ತಮ ಉದಾಹರಣೆ. ಹೀಮೋಗ್ಲೋಬಿನ್ ಅರ್ಧಕ್ಕಿಳಿದ ವ್ಯಕ್ತಿಯ ಒಂದು ಲೀಟರ್ ರಕ್ತವು 200ರ ಬದಲು 100 ಮಿಲಿಲೀಟರ್ ಆಮ್ಲಜನಕವನ್ನಷ್ಟೇ ಹೊರುತ್ತದೆ. ಅವರ ಶ್ವಾಸಕೋಶಗಳು ನಿರ್ದೋಷವಾಗಿರುತ್ತವೆ. ಆಕ್ಸಿಮೀಟರ್ ಕೂಡ ಉತ್ತಮ ಅಂಕಿಯನ್ನೇ ತೋರಿಸುತ್ತದೆ. ಏಕೆಂದರೆ ಆ ಉಪಕರಣವು ಇರುವ ಹೀಮೋಗ್ಲೋಬಿನ್ನಿನಲ್ಲಿ ಎಷ್ಟು ಭಾಗ ತುಂಬಿದೆಯೆಂಬುದನ್ನು ಅಳೆಯುತ್ತದೆಯೇ ಹೊರತು ಹೀಮೋಗ್ಲೋಬಿನ್ ಎಷ್ಟಿದೆಯೆಂಬುದನ್ನಲ್ಲ. ಗಾಡಿಗಳೆಲ್ಲವೂ ತುಂಬಿವೆ, ಆದರೆ ಗಾಡಿಗಳ ಸಂಖ್ಯೆಯೇ ಅರ್ಧವಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ನೀರಿನ ಬಿಂದಿಗೆಯನ್ನೆತ್ತಿ ಮಹಡಿ ಏರುವಾಗ ನಡುವೆ ನಿಲ್ಲಬೇಕಾದ ಗೃಹಿಣಿಯನ್ನು ಸೋಮಾರಿಯೆಂದು ಹಳಿಯುವ ಮೊದಲು ಆಕೆಯ ರಕ್ತವನ್ನು ಪರೀಕ್ಷಿಸುವುದು ಕುಟುಂಬದ ಕರ್ತವ್ಯ. ಈ ಪರೀಕ್ಷೆ ಸುಲಭವಾದುದು. ಕಬ್ಬಿಣದ ಕೊರತೆಯಿಂದ ಬಂದ ರಕ್ತಹೀನತೆಗೆ ಚಿಕಿತ್ಸೆಯೂ ಸುಲಭ.

ಹೃದಯವು ದುರ್ಬಲವಾದಾಗ ರಕ್ತವು ಶ್ವಾಸಕೋಶಗಳಲ್ಲಿ ಹಿಂದೊತ್ತಿ ನಿಂತು, ವಾಯುಕೋಶಗಳ ಸುತ್ತ ದ್ರವವು ಒಸರಲಾರಂಭಿಸುತ್ತದೆ. ಇದನ್ನು ಗ್ರಹಿಸಿ ಮೇಲುಸಿರನ್ನು ಉಂಟುಮಾಡುವ ನರತುದಿಗಳನ್ನು 1950ರ ದಶಕದಲ್ಲಿ ಕಂಡುಹಿಡಿದವರು ಭಾರತೀಯ ವಿಜ್ಞಾನಿ ಅವತಾರ್ ಸಿಂಗ್ ಪೈಂಟಲ್. ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯ ನಿರ್ದೇಶಕರಾಗಿ, ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಮಹಾನಿರ್ದೇಶಕರಾಗಿ ಅವರು ಸೇವೆ ಸಲ್ಲಿಸಿದರು. ಅಂಗಾತ ಮಲಗಿದಾಗ ಉಸಿರು ಕಟ್ಟುವುದು, ನಡುರಾತ್ರಿ ಏದುಸಿರಿನಿಂದ ಎಚ್ಚರವಾಗುವುದು, ಪಾದಗಳು ಬಾತುಕೊಳ್ಳುವುದು ಹೃದಯದ ಇಂತಹ ದೌರ್ಬಲ್ಯದ ಸಾಮಾನ್ಯ ಲಕ್ಷಣಗಳು.

ಶ್ವಾಸಕೋಶಗಳ ಮೀಸಲನ್ನು ಕರಗಿಸುವುದರಲ್ಲಿ ಬೀಡಿ ಸಿಗರೇಟುಗಳ ಮತ್ತು ಅಡುಗೆಮನೆಯ ಹೊಗೆಯ ಪಾತ್ರ ದೊಡ್ಡದು. ಹೊಗೆಯು ವಾಯುಕೋಶಗಳ ಗೋಡೆಗಳನ್ನು ಹಾಳುಮಾಡುತ್ತದೆ. ಹಾಗೆ ನಾಶವಾದ ಗೋಡೆ ಮತ್ತೆ ಕಟ್ಟಲ್ಪಡುವುದಿಲ್ಲ. ಆದರೆ ಧೂಮಪಾನವನ್ನು ಬಿಟ್ಟ ಕ್ಷಣದಿಂದ ನಾಶದ ವೇಗ ತಗ್ಗುತ್ತದೆ. ಆದುದರಿಂದ ಬಿಡಲು ಯಾವ ವಯಸ್ಸೂ ತಡವಲ್ಲ. ತಂಬಾಕು ತ್ಯಜಿಸಲಿಚ್ಛಿಸುವವರಿಗೆ 1800-112-356 ಎಂಬ ಉಚಿತ ರಾಷ್ಟ್ರೀಯ ದೂರವಾಣಿ ಸಂಖ್ಯೆಯಲ್ಲಿ ಸಲಹೆ ದೊರೆಯುತ್ತದೆ. ಸೌದೆ ಒಲೆಯ ಹೊಗೆಯಿಂದ ಬಡ ಕುಟುಂಬಗಳ ಮಹಿಳೆಯರನ್ನು ಪಾರುಮಾಡುವ ಉದ್ದೇಶದಿಂದ 2016ರ ಮೇ 1ರಂದು ಪ್ರಧಾನಮಂತ್ರಿ ಉಜ್ವಲಾ ಯೋಜನೆಯು ಆರಂಭವಾಯಿತು.

ಮಹಾನಗರಗಳ ನಿವಾಸಿಗಳು ಇನ್ನೊಂದು ವಿಷಯವನ್ನು ಗಮನಿಸಬೇಕು. ಓಡುವಾಗ ನಾವು ವಿರಾಮದಲ್ಲಿರುವುದಕ್ಕಿಂತ ಅನೇಕ ಪಟ್ಟು ಹೆಚ್ಚು ಗಾಳಿಯನ್ನು ಒಳಗೆಳೆಯುತ್ತೇವೆ. ಅದೂ ಮೂಗಿನ ಶೋಧನೆಯಿಲ್ಲದೆ, ಬಾಯಿಯ ಮೂಲಕ. ಗಾಳಿ ಮಲಿನವಾಗಿದ್ದರೆ ಮಾಲಿನ್ಯವೂ ಅಷ್ಟೇ ಪಟ್ಟು ಹೆಚ್ಚು ಒಳಸೇರುತ್ತದೆ. 2015ರಲ್ಲಿ ಆರಂಭವಾದ ರಾಷ್ಟ್ರೀಯ ವಾಯುಗುಣಮಟ್ಟ ಸೂಚ್ಯಂಕದಲ್ಲಿ 200ಕ್ಕಿಂತ ಮೇಲಿನ ಅಂಕಿಯು ಕಳಪೆ ಗಾಳಿಯನ್ನು ಸೂಚಿಸುತ್ತದೆ. ಅಂತಹ ದಿನಗಳಲ್ಲಿ, ವಿಶೇಷವಾಗಿ ದೆಹಲಿಯ ಚಳಿಗಾಲದಲ್ಲಿ, ಬಯಲಿನಲ್ಲಿ ಓಡುವುದಕ್ಕಿಂತ ಮನೆಯೊಳಗಿನ ಲಘು ವ್ಯಾಯಾಮವೇ ಲೇಸು.

ಸಹಜವಾದುದು, ಸಹಜವಲ್ಲದುದು

ಮೆಟ್ಟಿಲೇರಿದಾಗ ಉಸಿರು ಹೆಚ್ಚುವುದು ರೋಗವಲ್ಲ. ಅದು ದೇಹದ ಸುವ್ಯವಸ್ಥೆಗೆ ಸಾಕ್ಷಿ. ನಡಿಗೆಯ ವೇಳೆ ಮಾತನಾಡಲು ಸಾಧ್ಯವಾಗಿ, ಹಾಡಲು ಕಷ್ಟವೆನಿಸಿದರೆ ಶ್ರಮವು ಹಿತಮಿತವಾಗಿದೆಯೆಂದು ತಿಳಿಯಬಹುದು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಇಂತಹ ಶ್ರಮವನ್ನು ಕೈಗೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆ ನೀಡಿದೆ. ನಿಂತ ಕೆಲವು ನಿಮಿಷಗಳಲ್ಲಿ ಉಸಿರು ತನ್ನ ನೆಲೆಗೆ ಮರಳಬೇಕು.

ಆದರೆ ಕೆಲವು ತಿಂಗಳ ಹಿಂದೆ ನಿರಾಯಾಸವಾಗಿ ಏರುತ್ತಿದ್ದ ಮೆಟ್ಟಿಲುಗಳಲ್ಲಿ ಈಗ ನಿಲ್ಲಬೇಕಾಗಿ ಬಂದರೆ, ಸಮವಯಸ್ಕರೊಡನೆ ಸಮತಟ್ಟಾದ ರಸ್ತೆಯಲ್ಲಿ ನಡೆಯುವಾಗಲೂ ಹಿಂದುಳಿಯುವಂತಾದರೆ, ಉಸಿರಿನೊಡನೆ ಸಿಳ್ಳಿನಂತಹ ಸದ್ದು ಕೇಳಿಬಂದರೆ, ಕೆಮ್ಮು ಎರಡು ವಾರಗಳನ್ನು ಮೀರಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಏದುಸಿರಿನ ಜೊತೆಗೆ ಎದೆ ಹಿಂಡಿದಂತಾಗುವುದು, ತಣ್ಣನೆಯ ಬೆವರು, ತೋಳು ಅಥವಾ ದವಡೆಗೆ ಹರಿಯುವ ನೋವು, ತುಟಿಗಳು ನೀಲಿಯಾಗುವುದು ಕಂಡುಬಂದರೆ ಅದು ತುರ್ತು ಸ್ಥಿತಿ, ನಾಳೆಗೆಂದು ಕಾಯಬಾರದು.

ದಿನಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾರಿ ಬಂದುಹೋಗುವ ಉಸಿರನ್ನು ನಾವು ಗಮನಿಸುವುದೇ ಇಲ್ಲ. ಗಮನಿಸಬೇಕಾದ ಅಗತ್ಯ ಬಾರದಂತೆ ದೇಹವು ಅದನ್ನು ನಡೆಸಿಕೊಂಡು ಹೋಗುತ್ತದೆ. ಆದರೆ ದಿನದಲ್ಲಿ ಒಮ್ಮೆ, ಮನೆಯ ಅಥವಾ ಕಚೇರಿಯ ಮೆಟ್ಟಿಲುಗಳನ್ನು ಏರಿದ ಮೇಲೆ ಒಂದು ಕ್ಷಣ ನಿಂತು ಅದರ ಕಡೆಗೆ ಕಿವಿಗೊಡುವುದು ಒಳ್ಳೆಯದು. ತನ್ನ ಸಹಜವಾದ ಏದುಸಿರು ಹೇಗಿರುತ್ತದೆಂಬುದನ್ನು ಅರಿತವನಿಗೆ, ಅದು ಬದಲಾದ ದಿನ ಬೇರೆ ಯಾರೂ ಹೇಳಬೇಕಾಗಿಲ್ಲ.